ಕಿವಿಗೆ ಬಿರಡೆ

ನಮ್ಮ ಕಡೆ ಚಳಿಗಾಲ ಬಂತೆಂದರೆ ಹಿರಿಯರು ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಮಫ್ಲರ್ ಸುತ್ತಿಕೊಂಡು ಕೂರುತ್ತಿದ್ದರು. ಯಾಕಜ್ಜಾ ಅಂದರೆ ‘ಗಾಳಿ ಹೊಗತೈತೋ’ ಅನ್ನೋರು. ಪುಣೆಯಿಂದ ಧಾರವಾಡಕ್ಕೆ ಬೈಕಿನಲ್ಲಿ ಹೋಗಿಬರುವ ನಮ್ಮಂಥವರ ಕಿವಿಗೂ ವೈರಿ ಅದೇ ಗಾಳಿ ಅಂದರೆ ಬಹಳ ಜನ ನಂಬೋದಿಲ್ಲ. ಇಂಜಿನ್ನಿನ ಸದ್ದು, ಲಾರಿಯವರ ಹಾರ್ನು ಅಂತ ಬೈಯುತ್ತಾರೆ. ಆದರೆ ಗಂಟೆಗೆ ಸುಮಾರು 65 ಕಿ.ಮೀ. ದಾಟಿತೆಂದರೆ ಹೆಲ್ಮೆಟ್ಟಿನ ಸುತ್ತ ಸುಳಿಯುವ ಗಾಳಿಯೇ ಉಳಿದೆಲ್ಲ ಸದ್ದನ್ನೂ ಮೀರಿಸುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ಮೆಕೋಂಬ್ ಮತ್ತು ಜೊತೆಗಾರರು ಸವಾರರ ಕಿವಿಯ ಹತ್ತಿರ ಇದನ್ನು ಅಳೆದು ನೋಡಿದರು. 60ರ ವೇಗದಲ್ಲೇ 90 ಡೆಸಿಬೆಲ್ ಆಸುಪಾಸು, 160ಕ್ಕೆ ಹೋದರೆ 110. ಹೆಲ್ಮೆಟ್ ತಲೆ ಉಳಿಸುತ್ತದೆ, ಈ ಗುಂಯ್‌ಗುಡುವ ತಗ್ಗು ಸದ್ದನ್ನು ತಡೆಯೋದಿಲ್ಲ. (2019ರಲ್ಲಿ ನಮ್ಮ ಪುಣೆಯವರು ಹೆಲ್ಮೆಟ್ಟೇ ಬೇಡವೆಂದು ಮೆರವಣಿಗೆ ಹೊರಟಿದ್ದರು, ಅವರಿಗೆ ಇದನ್ನು ಹೇಳಿಕೊಡಬೇಡಿ!)

ಎಷ್ಟು ಹೊತ್ತು ತಡೆದುಕೊಳ್ಳಬಹುದು? ಅಮೆರಿಕದ ನಯೋಶ್ ಸಂಸ್ಥೆ 1998ರಲ್ಲಿ ಹೇಳಿದ ಲೆಕ್ಕ ಹೀಗಿದೆ: 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧ. 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಧಾರವಾಡ 400 ಕಿ.ಮೀ. ಮೇಲಿದೆ, ನೀವೇ ಎಣಿಸಿಕೊಳ್ಳಿ. ಒಳಗಿವಿಯ ಕೂದಲು ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಕದ ಸದ್ದು, ಅಂದರೆ ಸ, ಶ, ತ, ಚ. ಊರಿಂದ ಅಕ್ಕ ಫೋನ್ ಮಾಡಿದರೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಫೋನಿನಲ್ಲೇ ಊರನ್ನು ಉಳಿಸಿಕೊಂಡವರಿಗೆ ಇದು ಸಣ್ಣ ನಷ್ಟವಲ್ಲ.

ಇರಲಿ, ಕಥೆಗೆ ಬರುತ್ತೇನೆ. ಇಯರ್‌ಪ್ಲಗ್ಗನ್ನು ಬೈಕಿನವನಿಗಾಗಿ ಯಾರೂ ಕಂಡುಹಿಡಿಯಲಿಲ್ಲ. ಹೋಮರನ ಒಡಿಸ್ಸಿಯಲ್ಲಿ ಅದು ಸೈರನ್ನುಗಳ ಹಾಡಿಗೆ ಮರುಳಾಗದಂತೆ ನಾವಿಕರ ಕಿವಿಗೆ ತುಂಬಿದ ಮೇಣ. (ಯಜಮಾನ ಮಾತ್ರ ತನ್ನನ್ನು ಕಂಬಕ್ಕೆ ಕಟ್ಟಿಸಿಕೊಂಡು ಹಾಡು ಪೂರ್ತಿ ಕೇಳಿದ. ಮ್ಯಾನೇಜರುಗಳು ಆಗಲೂ ಹಾಗೇ.) ಅದೇ ಮೇಣವನ್ನು ಬರ್ಲಿನ್ನಿನ ಮ್ಯಾಕ್ಸ್ ನೆಗ್ವೆರ್ 1907ರಲ್ಲಿ ಹತ್ತಿ, ವ್ಯಾಸಲಿನ್ ಜೊತೆ ನಾದಿ ಉಂಡೆ ಮಾಡಿದ, ಆಮೇಲೆ ‘ಒರೊಪಾಕ್ಸ್’ ಎಂದು ಮಾರಿದ. ಜರ್ಮನ್ನಿನಲ್ಲಿ ಓರ್ ಅಂದರೆ ಕಿವಿ, ಲ್ಯಾಟಿನ್ನಿನಲ್ಲಿ ಪಾಕ್ಸ್ ಅಂದರೆ ಶಾಂತಿ. ಸದ್ದು ಸಹಿಸದ ಕಾಫ್ಕಾ 1915ರಲ್ಲಿ ಬರ್ಲಿನ್ನಿನಿಂದ ಅದನ್ನು ತರಿಸಿಕೊಂಡಿದ್ದ. ಅದೇ ಹೊತ್ತಿಗೆ ಮೊದಲ ಮಹಾಯುದ್ಧದ ಸೈನಿಕರ ಕಿವಿಗೂ ಅದು ಹೋಯಿತು. ಎರಡನೆಯ ಯುದ್ಧಕ್ಕೆ ರಬ್ಬರಿನವು ಬಂದವು. 1962ರಲ್ಲಿ ರೇ ಮತ್ತು ಸಿಸಿಲಿಯಾ ಬೆನ್ನರ್ ಎಂಬ ಗಂಡಹೆಂಡತಿ ಈಜುವವರಿಗೆಂದು ಸಿಲಿಕೋನಿನ ಮೆತ್ತನೆ ಉಂಡೆ ತಂದರು. ಅದು ಕಿವಿಯ ಬಾಯಿ ಮುಚ್ಚುವಂಥದ್ದು. ಒಳಗೆ ಇಳಿಯೋದಿಲ್ಲವಾದ್ದರಿಂದ ಹೆಲ್ಮೆಟ್ ಹಾಕುವಾಗ ಜರುಗುತ್ತದೆ.

ನಮಗೆ ಬೇಕಾದದ್ದು ಆಮೇಲೆ ಬಂತು, ಅದೂ ಅಡ್ಡದಾರಿಯಲ್ಲಿ. 1960ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸಿನ ನ್ಯಾಷನಲ್ ರಿಸರ್ಚ್ ಕಾರ್ಪೊರೇಷನ್‌ನಲ್ಲಿ ರಾಸ್ ಗಾರ್ಡ್‌ನರ್ ಎಂಬಾತ ಪೆಟ್ಟು, ಅದುರುವಿಕೆ ಹೀರಿಕೊಳ್ಳುವ ಪದಾರ್ಥಗಳ ಮೇಲೆ ಕೆಲಸ ಮಾಡುತ್ತಿದ್ದ. ಅವನಿಗೆ ಸಿಕ್ಕ ಒಂದು ನೊರೆ ಪ್ಲಾಸ್ಟಿಕ್ಕಿಗೆ ವಿಚಿತ್ರ ಗುಣವಿತ್ತು: ಅಮುಕಿದರೆ ಸಣ್ಣಗಾಗುತ್ತದೆ, ಬಿಟ್ಟರೆ ತಕ್ಷಣ ಉಬ್ಬುವುದಿಲ್ಲ, ಸಾವಕಾಶ ಉಬ್ಬುತ್ತದೆ. ಆ ಸಾವಕಾಶವೇ ಎಲ್ಲ! ಕಿವಿಗೆ ಹಾಕಲು ಪುರುಸೊತ್ತು ಸಿಗುತ್ತದೆ. ಆಮೇಲೆ ಅದು ಅವರವರ ಕಿವಿಯ ಅಂಕುಡೊಂಕಿಗೆ ತಕ್ಕಂತೆ ತಾನೇ ತುಂಬಿಕೊಳ್ಳುತ್ತದೆ. ರಬ್ಬರಿನದಕ್ಕೆ ಸೈಜು ನೋಡಬೇಕಿತ್ತು, ಇದಕ್ಕೆ ಅಷ್ಟು ತಂಟೆಯಿಲ್ಲ. 1972ರಲ್ಲಿ ಹಳದಿ ಬಣ್ಣದ ಇ-ಎ-ಆರ್ ಎಂದು ಮಾರುಕಟ್ಟೆಗೆ ಬಂತು, 1974ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಗಿರಾಕಿಗಳು ಕಾರ್ಖಾನೆಯವರು. ಬೈಕಿನವರು ಅವರ ಜೇಬಿನಿಂದ ಎರವಲು ಪಡೆದವರು ಅನ್ನಿ.

1979ರಿಂದ ಅಮೆರಿಕದಲ್ಲಿ ಪೊಟ್ಟಣದ ಮೇಲೆ ಎನ್ಆರ್‌ಆರ್ ಎಂಬ ಅಂಕಿ ಕಡ್ಡಾಯವಾಯಿತು. ನೊರೆಯವಕ್ಕೆ 29, 33 ಎಂದೆಲ್ಲ ಇರುತ್ತದೆ. ನಮ್ಮವರು ಅದನ್ನೇ ನೋಡಿ ಕೊಳ್ಳುತ್ತಾರೆ. ಅದು ಪ್ರಯೋಗಾಲಯದ ಅಂಕಿ ಸ್ವಾಮಿ. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಲೆಕ್ಕ ಹಾಕುವವರು ಅದರಲ್ಲಿ 7 ಕಳೆದು, ಉಳಿದದ್ದನ್ನು ಅರ್ಧ ಮಾಡುತ್ತಾರೆ. 33 ಇದ್ದದ್ದು 13 ಆಗುತ್ತದೆ. ಅಷ್ಟಾದರೂ ಕಡಿಮೆಯಲ್ಲ. 100 ಡೆಸಿಬೆಲ್ 87 ಆಯಿತೆಂದರೆ 15 ನಿಮಿಷದ ಹೊತ್ತು 5 ಗಂಟೆಗೆ ಏರಿತು.

ಅಂಕಿಗಿಂತ ಕೂರುವ ಬಿಗಿ ದೊಡ್ಡದು ಎನ್ನುವುದಕ್ಕೆ ಅಮೆರಿಕದ ಸೈನಿಕರು 2003ರಿಂದ 2015ರವರೆಗೆ ಬಳಸಿದ ಕಾಂಬ್ಯಾಟ್ ಆರ್ಮ್ಸ್ ಪ್ಲಗ್ಗಿನ ಜಗಳವನ್ನೇ ನೋಡಿ. ಅದರ ಉದ್ದ ಕಮ್ಮಿ, ಗೊತ್ತಾಗದಂತೆ ಸಡಿಲಾಗುತ್ತದೆ ಅನ್ನೋದು ದಾವೆ ಹೂಡಿದವರ ವಾದ. ತಪ್ಪು ಒಪ್ಪದೆಯೇ ತ್ರೀಎಂ ಕಂಪನಿ 2023ರಲ್ಲಿ ಸುಮಾರು 600 ಕೋಟಿ ಡಾಲರಿಗೆ ರಾಜಿಯಾಯಿತು.

1988ರಲ್ಲಿ ಸಂಗೀತಗಾರರಿಗೆಂದು ಬಂದ ಇಆರ್-15 ಬೇರೆ ಜಾತಿ. ನೊರೆಯದು ತಾರಕವನ್ನು ಹೆಚ್ಚು ತಿನ್ನುತ್ತದೆ, ಇದು ಎಲ್ಲ ಸ್ಥಾಯಿಯನ್ನೂ ಹೆಚ್ಚುಕಡಿಮೆ ಸಮವಾಗಿ 15 ಡೆಸಿಬೆಲ್ ಇಳಿಸುತ್ತದೆ. ಈಗ ‘ಬೈಕಿಗೆ’ ಎಂದು ಮಾರುವ ಫಿಲ್ಟರಿನ ಪ್ಲಗ್ಗುಗಳು ಅದೇ ಯೋಚನೆಯ ಮಕ್ಕಳು, ದುಬಾರಿ ಮಕ್ಕಳು. ನನ್ನ ಆಯ್ಕೆ ಕೇಳಿದರೆ ದೂರದ ಹೈವೇಗೆ ನೊರೆಯದೇ. ಕಿವಿ ಸಣ್ಣದಾಗಿ ನೋಯುವವರಿಗೆ ಫಿಲ್ಟರಿನದು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಊರೊಳಗಿನ ಓಡಾಟಕ್ಕೆ ಯಾವುದೂ ಬೇಡ, ಅಲ್ಲಿ ಹಿಂದಿನವನ ಹಾರ್ನು ಕೇಳಬೇಕು. ಹೈವೇಯಲ್ಲಿ ಕೇಳಿಸೋದಿಲ್ಲವೇ ಅಂತೀರಾ? ಗಾಳಿ, ಹಾರ್ನು ಎರಡೂ ಒಟ್ಟಿಗೆ ಇಳಿಯುವುದರಿಂದ ಹಾರ್ನು ಗಾಳಿಯಲ್ಲಿ ಮುಳುಗಿಹೋಗುವುದಿಲ್ಲ. ಹತ್ತಿಯನ್ನು ಮಾತ್ರ ನಂಬಬೇಡಿ. ಅಜ್ಜನ ಚಳಿಗಾಳಿಗೆ ಸಾಕು, ಸದ್ದಿಗೆ ಸಾಲದು.

ಹಾಕುವ ಕ್ರಮ ದೇವರ ದೀಪಕ್ಕೆ ಬತ್ತಿ ಹೊಸೆದಂತೆ. ಕೈ ತೊಳೆದು, ಮಡಿಕೆ ಬೀಳದ ಹಾಗೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು ಒಳಗಿಳಿಸಿ, ಉಬ್ಬುವ ತನಕ ಅರ್ಧ ನಿಮಿಷ ಬೆರಳಿಟ್ಟಿರಿ. ಹೊರಗೆ ಚಾಚಿಕೊಂಡಿದ್ದರೆ ತೆಗೆದು ಮತ್ತೆ ಹಾಕಿ. ಇಲ್ಲವಾದರೆ ಹೆಲ್ಮೆಟ್ಟಿನ ಗಾದಿ ಅದನ್ನು ಎಳೆದುಬಿಡುತ್ತದೆ.