ಘನಸ್ಥಿತಿ ಲಿಥಿಯಂ ಬ್ಯಾಟರಿ: ಎಲೆಕ್ಟ್ರೋಲೈಟ್ ಗಡಿಯ ಸುಧಾರಣೆ

ಎರಡು ಎಲೆಕ್ಟ್ರೋಡ್‌ಗಳ ನಡುವೆ ದ್ರವದ ಬದಲು ಘನ ಎಲೆಕ್ಟ್ರೋಲೈಟ್ ಇಟ್ಟು ತಯಾರಿಸುವ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಗೆ ಘನಸ್ಥಿತಿ ಲಿಥಿಯಂ ಬ್ಯಾಟರಿ ಎಂದು ಹೆಸರು. ಮೊಬೈಲ್, ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಈಗ ಬಳಕೆಯಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಅಯಾನುಗಳನ್ನು ಆಚೀಚೆ ಸಾಗಿಸುವುದು ಸುಲಭವಾಗಿ ಹೊತ್ತಿಕೊಳ್ಳುವ ಸಾವಯವ ದ್ರವ. ಆ ಜಾಗಕ್ಕೆ ಸೆರಾಮಿಕ್ ಬಿಲ್ಲೆಯೊಂದು ಬಂದರೆ ಬೆಂಕಿಯ ಭಯ ತಗ್ಗುತ್ತದೆ. ಜೊತೆಗೆ ಗ್ರ್ಯಾಫೈಟ್ ಆನೋಡ್ ಬಿಟ್ಟು ಲಿಥಿಯಂ ಲೋಹವನ್ನೇ ಆನೋಡ್ ಆಗಿ ಬಳಸುವ ದಾರಿಯೂ ತೆರೆಯುತ್ತದೆ. ಒಂದು ಗ್ರಾಂ ಗ್ರ್ಯಾಫೈಟ್ ಹಿಡಿದಿಡುವುದು ಸುಮಾರು 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು. ಒಂದು ಗ್ರಾಂ ಲಿಥಿಯಂನ ಸಾಮರ್ಥ್ಯ ಸುಮಾರು 3,860.

ಇಷ್ಟಾಗಿಯೂ ಈ ಬ್ಯಾಟರಿ ಇನ್ನೂ ಮನೆಮನೆಗೆ ಬಂದಿಲ್ಲ. ಮುಖ್ಯ ತೊಡಕಿರುವುದು ಎಲೆಕ್ಟ್ರೋಲೈಟಿನ ಒಡಲಿನಲ್ಲಲ್ಲ, ಅದು ಎಲೆಕ್ಟ್ರೋಡನ್ನು ಮುಟ್ಟುವ ಗಡಿಯಲ್ಲಿ.

ದ್ರವವಾದರೆ ತಾನಾಗಿ ಹರಿದು ಸಂದುಗೊಂದುಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಘನಕ್ಕೆ ಆ ಗುಣವಿಲ್ಲ. ಬೇಲೂರು, ಹಳೇಬೀಡಿನ ಹೊಯ್ಸಳ ಗುಡಿಗಳಲ್ಲೂ 13ನೇ ಶತಮಾನದ ಅರಸೀಕೆರೆಯ ಈಶ್ವರ ದೇವಾಲಯದಲ್ಲೂ ಬಳಪದ ಕಲ್ಲುಗಳನ್ನು ಗಾರೆಯಿಲ್ಲದೆ ಕೂಡಿಸಿದ್ದಾರೆ. ಕಲ್ಲಿಗೆ ಕಲ್ಲು ಕೂರಬೇಕಾದರೆ ಎರಡರ ಮುಖವನ್ನೂ ಹದವಾಗಿ ತಿದ್ದಲೇಬೇಕಿತ್ತು. ಬ್ಯಾಟರಿಯಲ್ಲಿ ಇದೇ ಸಮಸ್ಯೆ ಮೈಕ್ರೋಮೀಟರ್ ಅಳತೆಯಲ್ಲಿ ಎದುರಾಗುತ್ತದೆ. ಕಣ್ಣಿಗೆ ನುಣುಪಾಗಿ ಕಾಣುವ ಸೆರಾಮಿಕ್ ಮೈಮೇಲೆ ಉಬ್ಬುತಗ್ಗುಗಳಿರುತ್ತವೆ. ಲೋಹ ತಾಗುವುದು ಉಬ್ಬುಗಳಿಗೆ ಮಾತ್ರ, ಅಯಾನುಗಳೆಲ್ಲ ಅಲ್ಲೇ ಮುಗಿಬೀಳುತ್ತವೆ. ಕಲ್ಲು ಒಮ್ಮೆ ಕೂತರೆ ಕೂತಂತೆಯೇ. ಬ್ಯಾಟರಿಯಲ್ಲಾದರೋ ಪ್ರತಿ ಡಿಸ್ಚಾರ್ಜ್‌ನಲ್ಲಿ ಲಿಥಿಯಂ ಆ ಗಡಿಯಿಂದ ಎದ್ದುಹೋಗುತ್ತದೆ, ಚಾರ್ಜ್ ಮಾಡಿದಾಗ ಮರಳುತ್ತದೆ. ಹೀಗಾಗಿ ಹದ ಮಾಡಿದ ಮುಖ ಹದವಾಗಿಯೇ ಉಳಿಯುವುದಿಲ್ಲ.

ಈ ಕ್ಷೇತ್ರದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ 1976ರಲ್ಲಿ ಘನಸ್ಥಿತಿ ಮತ್ತು ರಾಚನಿಕ ರಸಾಯನಶಾಸ್ತ್ರ ಘಟಕವನ್ನು ಕಟ್ಟಿದರು. ಆ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ವೆಂಕಟರಾಮನ್ ತಂಗದುರೈ, ಮುಂದೆ ರಾಮಸ್ವಾಮಿ ಮುರುಗನ್ ಮತ್ತು ಜರ್ಮನಿಯ ವರ್ನರ್ ವೆಪ್ನರ್ ಜೊತೆಗೂಡಿ 2007ರಲ್ಲಿ ಲಿಥಿಯಂ, ಲ್ಯಾಂಥನಂ, ಜಿರ್ಕೋನಿಯಂಗಳ ಗಾರ್ನೆಟ್ ಮಾದರಿಯ ಆಕ್ಸೈಡೊಂದನ್ನು ಜಗತ್ತಿಗೆ ಪರಿಚಯಿಸಿದರು. ಲಿಥಿಯಂ ಲೋಹ ತಾಗಿದರೂ ಬಹುಮಟ್ಟಿಗೆ ಕೆಡದೆ ನಿಲ್ಲುವ ಈ ವಸ್ತುವಿನ ಮೇಲೆ ಇಂದಿಗೂ ಅಪಾರ ಕೆಲಸ ನಡೆದಿದೆ. 2011ರಲ್ಲಿ ಜಪಾನಿನ ರ್ಯೋಜಿ ಕಾನ್ನೋ ತಂಡ ವರದಿ ಮಾಡಿದ ಸಲ್ಫೈಡ್, ಅಯಾನು ಸಾಗಣೆಯಲ್ಲಿ ದ್ರವಗಳಿಗೇ ಸರಿಗಟ್ಟಿತು. ಒಡಲಿನ ವೇಗದ ಪ್ರಶ್ನೆಗೆ ಅಲ್ಲಿಗೆ ಬಹುಪಾಲು ಉತ್ತರ ಸಿಕ್ಕಿತ್ತು.

ಗಾರ್ನೆಟ್‌ಗೆ ತನ್ನದೇ ಒಂದು ದೌರ್ಬಲ್ಯವಿದೆ. ಗಾಳಿಗಿಟ್ಟರೆ ತೇವ ಮತ್ತು ಇಂಗಾಲದ ಡೈ ಆಕ್ಸೈಡ್ ಸೇರಿ ಅದರ ಮೈಮೇಲೆ ಲಿಥಿಯಂ ಕಾರ್ಬೊನೇಟಿನ ತೆಳುಪೊರೆ ಕಟ್ಟುತ್ತದೆ. ಕರಗಿದ ಲಿಥಿಯಂ ಆ ಪೊರೆಗೆ ಅಂಟದೆ ಗುಂಡುಗುಂಡಾಗಿ ನಿಂತುಬಿಡುತ್ತದೆ. ಪೊರೆಯನ್ನು ಉಜ್ಜಿ ತೆಗೆಯುವುದು, ಜಡ ಅನಿಲದಲ್ಲಿ ಕಾಯಿಸಿ ಕಳೆಯುವುದು ಒಂದು ಉಪಾಯ. ಮೇಲೆ ಇನ್ನೊಂದು ಲೇಪ ಹಚ್ಚುವುದು ಮತ್ತೊಂದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಕೆಲವೇ ನ್ಯಾನೋಮೀಟರ್ ದಪ್ಪದ ಅಲ್ಯೂಮಿನಾ ಲೇಪಿಸಿದಾಗ, ಗಡಿಯ ರೋಧ 1,710 ಓಮ್-ಚದರ ಸೆಂಟಿಮೀಟರಿನಿಂದ 1ಕ್ಕೆ ಇಳಿಯಿತು. ಗಡಿಯನ್ನು ತಿದ್ದುವುದರಿಂದ ಎಷ್ಟು ಲಾಭವಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ರೋಧ ಇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಚಾರ್ಜ್ ಮಾಡುವಾಗ ಲಿಥಿಯಂ ಕವಲುಕವಲಾಗಿ ಬೆಳೆದು ಸೆರಾಮಿಕ್ಕನ್ನು ಸೀಳಿ ಆಚೆ ಬದಿ ಮುಟ್ಟುತ್ತದೆ. ಬ್ಯಾಟರಿ ಶಾರ್ಟ್ ಆಗುತ್ತದೆ. ಈ ಕವಲುಗಳೇ ಡೆಂಡ್ರೈಟ್. ಗಟ್ಟಿ ಘನ ಅಡ್ಡವಿದ್ದರೆ ಮೆದು ಲಿಥಿಯಂ ಅದನ್ನು ಭೇದಿಸಲಾರದು ಎಂಬ ನಿರೀಕ್ಷೆ ಹಿಂದೆ ಇತ್ತು. ಪ್ರಯೋಗಗಳಲ್ಲಿ ಅದು ಸುಳ್ಳಾಯಿತು.

ಏಕೆ ಹೀಗೆ ಎಂಬುದಕ್ಕೆ ಮಹತ್ವದ ಉತ್ತರ ಬಂದದ್ದು ಬೆಂಗಳೂರಿನ ಅದೇ ಘಟಕದಿಂದ. ನಾಗ ಫಣಿ ಏತುಕೂರಿ ನೇತೃತ್ವದ ತಂಡ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವೆಂಕಟ್ ವಿಶ್ವನಾಥನ್ ಅವರೊಂದಿಗೆ ನಡೆಸಿದ ಅಧ್ಯಯನ 2022ರಲ್ಲಿ ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಿಸ್ಚಾರ್ಜ್ ಆಗುವಾಗ ಲಿಥಿಯಂ ಎದ್ದುಹೋದಷ್ಟು ಬೇಗ ಹಿಂದಿನಿಂದ ಬಂದು ತುಂಬಿಕೊಳ್ಳದಿದ್ದರೆ ಗಡಿಯಲ್ಲಿ ಸೂಕ್ಷ್ಮ ಪೊಳ್ಳುಗಳು ಉಳಿಯುತ್ತವೆ. ಪೊಳ್ಳಿನ ಅಂಚಿನಲ್ಲಿ ವಿದ್ಯುತ್ ಪ್ರವಾಹ ಸರಾಸರಿಗಿಂತ ಸುಮಾರು 10,000 ಪಟ್ಟು ಹೆಚ್ಚಬಲ್ಲದೆಂದು ತಂಡ ಕಂಡುಕೊಂಡಿತು. ಡೆಂಡ್ರೈಟ್ ಮೊಳೆಯುವುದಕ್ಕೂ ಈ ಪೊಳ್ಳುಗಳಿಗೂ ನೇರ ನಂಟು ಕಂಡಿತು.

ಅವರು ಹುಡುಕಿದ ಪರಿಹಾರ ಸರಳ: ಲಿಥಿಯಂ ಮತ್ತು ಸೆರಾಮಿಕ್ ನಡುವೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂನ ಅತಿ ತೆಳು ಪದರ. ಲಿಥಿಯಂ ಜೊತೆ ಬೆರೆಯುವ ಲೋಹಗಳನ್ನೇ ಹಲವರು ನೆಚ್ಚಿಕೊಂಡಿದ್ದರು. ಇಲ್ಲಿ ಆರಿಸಿದ್ದು ಲಿಥಿಯಂನೊಡನೆ ಮಿಶ್ರಲೋಹವಾಗದವನ್ನು. ಪದರ ಇದ್ದಾಗ ಪೊಳ್ಳು ಬೆಳೆಯುವುದೂ ಡೆಂಡ್ರೈಟ್ ಹುಟ್ಟುವುದೂ ತಡವಾದವು.

ಕ್ಯಾಥೋಡ್ ಕಡೆಯ ಕಥೆ ಬೇರೆ. ಸಲ್ಫೈಡ್ ಎಲೆಕ್ಟ್ರೋಲೈಟುಗಳು ಅಲ್ಲಿ ಆಕ್ಸೈಡ್ ಕಣಗಳೊಡನೆ ರಾಸಾಯನಿಕವಾಗಿ ಕೆಡುತ್ತವೆ. ಕಣಗಳ ಮೇಲೆ ಲಿಥಿಯಂ ನಿಯೋಬೇಟಿನಂಥ ತೆಳು ಲೇಪ ಹಚ್ಚುವುದು ಈಗ ರೂಢಿ.

ಒತ್ತಡದ ವಿಷಯ ಮಾತ್ರ ಸುದ್ದಿಗಳಲ್ಲಿ ಹೆಚ್ಚಾಗಿ ಮರೆಯಾಗುತ್ತದೆ. ಹೊರಗಿನಿಂದ ಬಲವಾಗಿ ಅದುಮಿದರೆ ಮೆದು ಲಿಥಿಯಂ ಜರುಗಿ ಪೊಳ್ಳನ್ನು ತುಂಬುತ್ತದೆ, ಕಾಯಿಸಿದರೆ ಇನ್ನೂ ಸಲೀಸು. ಒತ್ತಡ ಅತಿಯಾದರೆ ಅದೇ ಲಿಥಿಯಂ ಬಿರುಕುಗಳೊಳಗೆ ನುಗ್ಗುತ್ತದೆ. ಪ್ರಯೋಗಾಲಯದಲ್ಲಿ ಉಕ್ಕಿನ ಹಿಡಿಕೆಯಿಂದ ಬಿಗಿಯುವುದು ಸುಲಭ. ಸ್ಕೂಟರಿನಲ್ಲಿ ಆ ಹಿಡಿಕೆಯೇ ಭಾರ, ಅದೇ ಖರ್ಚು. ಹೊಸ ಘನಸ್ಥಿತಿ ಬ್ಯಾಟರಿ ಬಂತೆಂಬ ಸುದ್ದಿ ಓದುವವರು ಚಾರ್ಜ್ ಎಷ್ಟು ನಿಮಿಷದಲ್ಲಾಯಿತು ಎಂಬುದರ ಜೊತೆಗೆ, ಪರೀಕ್ಷೆ ನಡೆದದ್ದು ಎಷ್ಟು ಒತ್ತಡದಲ್ಲಿ, ಎಷ್ಟು ತಾಪದಲ್ಲಿ, ಎಷ್ಟು ಪ್ರವಾಹದಲ್ಲಿ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು.