ಕಡ್ಡಿ ಮರವನ್ನೇ ತಿಂದಾಗ

ನಮ್ಮೂರಲ್ಲಿ ಅಪ್ಪ ಮಾವಿನ ಕಸಿ ಕಟ್ತಿದ್ರು. ನಾಟಿ ಸಸಿಯ ತಲೆ ಕತ್ತರಿಸಿ, ಕಾಂಡ ಸೀಳಿ, ರಸಪುರಿಯ ಕಡ್ಡಿಯನ್ನು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಡೋದು. ಆಮೇಲೆ ಕಾಯೋದು. ಚಿಗುರಿದರೆ ಕಸಿ ಹಿಡೀತು, ಕಡ್ಡಿ ಒಣಗಿದರೆ ಹಿಡೀಲಿಲ್ಲ. ಮೂರನೇದು ಇರಲಿಲ್ಲ. ಕಡ್ಡಿಯೇ ತಿರುಗಿಬಿದ್ದು ಸಸಿಯನ್ನು ತಿಂದುಹಾಕಿದ್ದನ್ನು ಅಪ್ಪ ಯಾವತ್ತೂ ಕಂಡಿಲ್ಲ.

ಮನುಷ್ಯರ ಅಂಗಕ್ಕೂ ಕನ್ನಡದಲ್ಲಿ ನಾವು ‘ಕಸಿ’ ಅಂತಲೇ ಹೇಳ್ತೀವಿ. ಕಿಡ್ನಿಯ ಮಟ್ಟಿಗೆ ಹೋಲಿಕೆ ಸರಿಯಾಗಿದೆ: ದೇಹ ಒಪ್ಪದಿದ್ದರೆ ಕಿಡ್ನಿ ಹಾಳಾಗುತ್ತೆ, ಕಡ್ಡಿ ಒಣಗಿದ ಹಾಗೆ. ಆದರೆ ಅಸ್ಥಿಮಜ್ಜೆ ಕಸಿಯಲ್ಲಿ ಆ ಮೂರನೇದು ಇದೆ. ನಮ್ಮ ಆಫೀಸಿನಲ್ಲಿ ಒಮ್ಮೆ ದಾನಿಗಳ ನೋಂದಣಿಗೆ ಅಂತ ಬಂದವರು ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಹೋದರು. ‘ಇದು ಏನಕ್ಕೆ’ ಅಂತ ಓದಲು ಶುರುಮಾಡಿದವನು ನಾನು, ಹಲವು ರಾತ್ರಿ ಅದರಲ್ಲೇ ಸಿಕ್ಕಿಹಾಕಿಕೊಂಡೆ.

ಮಜ್ಜೆ ಅಂದರೆ ನಲ್ಲಿ ಮೂಳೆ ಚೀಪುವಾಗ ಬಾಯಿಗೆ ಬರುತ್ತಲ್ಲ, ಅದೇ. ರಕ್ತದ ಕಣಗಳೆಲ್ಲ ಹುಟ್ಟೋದು ಅಲ್ಲಿ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಅಲ್ಲೇ ಹುಟ್ಟುತ್ತವೆ. ಹಾಗಾಗಿ ಇನ್ನೊಬ್ಬರ ಮಜ್ಜೆ ಹಾಕಿಸಿಕೊಳ್ಳೋದು ಅಂದರೆ ಇನ್ನೊಂದು ದೇಶದ ಸೈನ್ಯವನ್ನು ಮನೆಯೊಳಗೆ ಕರೆತಂದ ಹಾಗೆ. ಅವರ ಕಣ್ಣಿಗೆ ಈ ಮನೆಯವರೆಲ್ಲ ಪರಕೀಯರು.

ಕಥೆ ಶುರುವಾಗೋದು 1945ರ ಹಿರೋಷಿಮಾ, ನಾಗಸಾಕಿಯ ನಂತರ. ಬಾಂಬಿನಿಂದ ತಕ್ಷಣ ಸಾಯದವರಲ್ಲಿ ಅನೇಕರು ವಾರಗಳ ಮೇಲೆ ರಕ್ತಸ್ರಾವ, ಸೋಂಕುಗಳಿಂದ ಸತ್ತರು. ವಿಕಿರಣ ಅವರ ಮಜ್ಜೆಯನ್ನು ಸುಟ್ಟಿತ್ತು. ಇದಕ್ಕೆ ಮದ್ದು ಹುಡುಕುವ ಕೆಲಸ ಇಲಿಗಳ ಮೇಲೆ ನಡೆಯಿತು. 1949ರಲ್ಲಿ ಷಿಕಾಗೊದ ಲಿಯಾನ್ ಜೇಕಬ್ಸನ್, ಇಲಿಯ ಗುಲ್ಮವನ್ನು ಸೀಸದಿಂದ ಮುಚ್ಚಿ ವಿಕಿರಣ ಕೊಟ್ಟರೆ ಇಲಿ ಬದುಕುತ್ತೆ ಅಂತ ತೋರಿಸಿದರು. 1951ರಲ್ಲಿ ಈಗನ್ ಲೊರೆನ್ಜ್, ವಿಕಿರಣದ ಮೇಲೆ ಬೇರೆ ಇಲಿಯ ಮಜ್ಜೆ ಚುಚ್ಚಿದರೂ ಬದುಕುತ್ತೆ ಅಂದರು. ಹಾಗಾದರೆ ಲ್ಯುಕೇಮಿಯಾ ರೋಗಿಯ ಕೆಟ್ಟ ಮಜ್ಜೆಯನ್ನೆಲ್ಲ ವಿಕಿರಣದಿಂದ ಸುಟ್ಟು, ಒಳ್ಳೆಯದನ್ನು ತುಂಬಿದರೆ? ಫಾರ್ಮ್ಯಾಟ್ ಮಾಡಿ ರೀಇನ್‌ಸ್ಟಾಲ್. ನಮ್ಮಂಥವರ ತಲೆಗೆ ಬೇಗ ಹತ್ತುವ ಐಡಿಯಾ.

1956ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಾರ್ನ್ಸ್, ಲೌಟಿಟ್ ಮತ್ತು ಸಂಗಡಿಗರು ಲ್ಯುಕೇಮಿಯಾ ಇದ್ದ ಇಲಿಗಳ ಮೇಲೆ ಇದನ್ನೇ ಮಾಡಿದರು. ತಮ್ಮದೇ ತಳಿಯ ಮಜ್ಜೆ ಪಡೆದ ಇಲಿಗಳಿಗೆ ಲ್ಯುಕೇಮಿಯಾ ಮರಳಿ ಬಂತು. ಬೇರೆ ತಳಿಯ ಮಜ್ಜೆ ಪಡೆದವಕ್ಕೆ ಲ್ಯುಕೇಮಿಯಾ ಬರಲಿಲ್ಲ, ಆದರೆ ಅವು ಭೇದಿ ಹತ್ತಿ, ಸೊರಗಿ ಸತ್ತವು. ಈ ಒಂದು ಪ್ರಯೋಗದಲ್ಲೇ ಮುಂದಿನ ಮೂವತ್ತು ಚಿಲ್ಲರೆ ವರ್ಷದ ಕಥೆಯೆಲ್ಲ ಇತ್ತು ಅಂತ ಈಗ ಕಾಣುತ್ತೆ. ಆಗ ಕಂಡಿದ್ದು ಸತ್ತ ಇಲಿಗಳು.

ಮನುಷ್ಯರ ಮೇಲಿನ ಪ್ರಯೋಗದಲ್ಲಿ ಮುಖ್ಯ ಹೆಸರು ಡೊನಾಲ್ ಥಾಮಸ್. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನೋ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ. 1957ರಲ್ಲಿ ಅವರ ತಂಡ ಆರು ರೋಗಿಗಳ ವರದಿ ಪ್ರಕಟಿಸಿತು. ಮಜ್ಜೆಯನ್ನು ರಕ್ತದ ಹಾಗೆ ನಾಳಕ್ಕೆ ಹರಿಸಿದರು. ಇವತ್ತಿಗೂ ಹಾಗೇ, ಆಪರೇಷನ್ ಏನಿಲ್ಲ, ಕಣಗಳು ತಾವೇ ಮೂಳೆಗೆ ದಾರಿ ಹುಡುಕಿಕೊಳ್ಳುತ್ತವೆ. ಇಬ್ಬರಲ್ಲಿ ಮಾತ್ರ ಅದು ಕೆಲಕಾಲ ಹಿಡಿಯಿತು. ನೂರು ದಿನದೊಳಗೆ ಆರೂ ಜನ ಸತ್ತರು. 1959ರಲ್ಲಿ ಲ್ಯುಕೇಮಿಯಾದ ಇಬ್ಬರಿಗೆ ಅವರವರ ತದ್ರೂಪಿ ಅವಳಿಗಳ ಮಜ್ಜೆ ಕೊಟ್ಟಾಗ ರಕ್ತವೇನೋ ಚೇತರಿಸಿಕೊಂಡಿತು. ಸೈನ್ಯ ಮನೆಯವರನ್ನು ಮುಟ್ಟಲಿಲ್ಲ. ಕೆಲವೇ ತಿಂಗಳಲ್ಲಿ ಲ್ಯುಕೇಮಿಯಾ ವಾಪಸ್ ಬಂತು.

ಈ ನಡುವೆ, 1958ರ ಅಕ್ಟೋಬರ್‌ನಲ್ಲಿ, ಯುಗೊಸ್ಲಾವಿಯಾದ ವಿಂಚಾದಲ್ಲಿ ರಿಯಾಕ್ಟರ್ ಅಪಘಾತವಾಗಿ ಆರು ಜನ ವಿಕಿರಣಕ್ಕೆ ಸಿಕ್ಕಿದರು. ಅವರನ್ನು ಪ್ಯಾರಿಸ್‌ಗೆ ಒಯ್ದರು. ಜಾರ್ಜ್ ಮಾತೆ ಐವರಿಗೆ ಮಜ್ಜೆ ಕೊಟ್ಟರು. ಕೊಟ್ಟವರು ಫ್ರೆಂಚರು. ಐವರಲ್ಲಿ ಒಬ್ಬರು ಸತ್ತರು, ನಾಲ್ವರು ಉಳಿದರು. ಮಜ್ಜೆ ಮಾತ್ರ ತಾತ್ಕಾಲಿಕವಾಗಿ ನಿಂತು ಹೋಗಿತ್ತು, ಅವರ ಸ್ವಂತದ್ದೇ ಮತ್ತೆ ಚಿಗುರಿತ್ತು. ಬದುಕಿದ್ದು ಅದರಿಂದಲೋ, ಅದಿಲ್ಲದೆಯೂ ಬದುಕುತ್ತಿದ್ದರೋ ಅನ್ನೋ ಜಗಳ ಮುಗಿಯಲಿಲ್ಲ.

ಕಸಿ ಹಿಡಿಯದಿದ್ದರೆ ಸಾವು, ಹಿಡಿದರೂ ಸಾವು. ಹಿಡಿದಾಗ ಬರುತ್ತಿದ್ದ ಕಾಯಿಲೆಗೆ ‘ಗ್ರಾಫ್ಟ್ ವರ್ಸಸ್ ಹೋಸ್ಟ್’ ಅಂತ ಹೆಸರಾಯಿತು. ಮೊದಲು ಅಂಗೈ, ಅಂಗಾಲು ಕೆಂಪಾಗಿ ಚರ್ಮ ಸುಲಿಯುತ್ತೆ, ಕರುಳು ಕೆಟ್ಟು ಲೀಟರ್‌ಗಟ್ಟಲೆ ಭೇದಿ, ಕಾಮಾಲೆ. ದೀರ್ಘಕಾಲ ಉಳಿದರೆ ಕಣ್ಣು, ಬಾಯಿ ಒಣಗಿ, ಚರ್ಮ ಚಕ್ಕಳದಂತೆ ಬಿಗಿಯುತ್ತೆ. 1970ರಲ್ಲಿ ಮಾರ್ಟಿಮರ್ ಬೋರ್ಟಿನ್ ಎಂಬ ಅಮೆರಿಕದ ವೈದ್ಯರು ಕೂತು ಅಲ್ಲಿಯವರೆಗೆ ವರದಿಯಾಗಿದ್ದ ಇನ್ನೂರಕ್ಕೂ ಹೆಚ್ಚು ಕಸಿಗಳ ಲೆಕ್ಕ ಹಾಕಿದರು. ಬಹುಪಾಲು ಜನ ಸತ್ತಿದ್ದರು. ಅಷ್ಟರಲ್ಲಿ ಅನೇಕ ಸಂಶೋಧಕರು ಈ ಕ್ಷೇತ್ರವನ್ನೇ ಬಿಟ್ಟಿದ್ದರು. ಬಿಟ್ಟವರನ್ನು ಹೇಡಿಗಳು ಅಂತ ನಾನು ಅನ್ನಲಾರೆ. ಆ ವಾರ್ಡುಗಳಲ್ಲಿ ಮಲಗಿದ್ದವರ ಮನೆಯವರು ಬಹುಶಃ ಬಿಡದವರನ್ನೇ ಶಪಿಸಿರಬಹುದು.

ಥಾಮಸ್ ಬಿಟ್ಟಿದ್ದು ಮನುಷ್ಯರನ್ನು, ಕೆಲಸವನ್ನಲ್ಲ. ನಾಯಿಗಳ ಕಡೆ ಹೊರಳಿದರು. 1963ರಲ್ಲಿ ಸಿಯಾಟಲ್‌ಗೆ ಹೋದರು. ಲ್ಯಾಬಿನ ಇಲಿಗಳು ಒಂದೇ ಅಚ್ಚಿನವು, ನಾಯಿಗಳು ನಮ್ಮ ಹಾಗೆ ಒಂದೊಂದು ಒಂದೊಂದು ಥರ. 1958ರಲ್ಲೇ ಪ್ಯಾರಿಸ್‌ನ ಜಾನ್ ದೋಸೆ, ಮನುಷ್ಯರ ಬಿಳಿ ರಕ್ತಕಣಗಳ ಮೇಲಿನ ಗುರುತುಗಳಲ್ಲಿ ಮೊದಲನೆಯದನ್ನು ಕಂಡುಹಿಡಿದಿದ್ದರು. ಈಗ ಅವನ್ನು ಎಚ್‌ಎಲ್‌ಎ ಅಂತೀವಿ. ಸೈನ್ಯ ‘ನಮ್ಮವನೋ, ಬೇರೆಯವನೋ’ ಅಂತ ನೋಡುವ ಐಡಿ ಕಾರ್ಡ್ ಅದು. ಒಡಹುಟ್ಟಿದವರಲ್ಲಿ ಅದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಸೂಲಿನ ಮರಿಗಳಲ್ಲಿ ಹೊಂದುವ ಜೋಡಿ ಹುಡುಕಿ, ಮೆಥೊಟ್ರೆಕ್ಸೇಟ್ ಔಷಧಿ ಕೊಟ್ಟಾಗ ನಾಯಿಗಳು ಬದುಕತೊಡಗಿದವು.

1968ರಲ್ಲಿ ಮಿನೆಸೊಟಾದ ರಾಬರ್ಟ್ ಗುಡ್, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಕೂಸಿಗೆ ಅದರ ಅಕ್ಕನ ಮಜ್ಜೆ ಕೊಟ್ಟು ಉಳಿಸಿದರು. ಮರುವರ್ಷ ಸಿಯಾಟಲ್‌ನಲ್ಲಿ ಲ್ಯುಕೇಮಿಯಾ ರೋಗಿಗಳಿಗೆ ಮತ್ತೆ ಶುರುವಾಯಿತು. 1977ರಲ್ಲಿ ಆ ತಂಡ ನೂರು ರೋಗಿಗಳ ಫಲಿತಾಂಶ ಪ್ರಕಟಿಸಿತು. ಬೇರೆಲ್ಲ ಚಿಕಿತ್ಸೆ ಸೋತ ಮೇಲೆ ಬಂದವರು ಅವರು. ಹದಿಮೂರು ಜನ ರೋಗವಿಲ್ಲದೆ ಬದುಕಿದ್ದರು. ನೂರಕ್ಕೆ ಹದಿಮೂರು ಅಂದರೆ ನಮ್ಮಲ್ಲಿ ಫೇಲ್. ಆದರೆ ಆ ನೂರರಲ್ಲಿ ಯಾರೂ ಬದುಕುವ ನಿರೀಕ್ಷೆಯೇ ಇರಲಿಲ್ಲ.

ಎರಡು ವರ್ಷದ ಮೇಲೆ ಅದೇ ತಂಡ ಇನ್ನೊಂದು ವಿಷಯ ಗಮನಿಸಿತು. ಗ್ರಾಫ್ಟ್ ವರ್ಸಸ್ ಹೋಸ್ಟ್ ಕಾಯಿಲೆಯಿಂದ ನರಳಿದವರಲ್ಲಿ ಲ್ಯುಕೇಮಿಯಾ ಮರುಕಳಿಸಿದ್ದು ಕಡಿಮೆ. ಹಾರ್ವೆಲ್‌ನ ಇಲಿಗಳು ಹೇಳಿದ್ದೂ ಇದನ್ನೇ. ಆದರೂ ಯಾರಿಗೆ ತಾನೇ ರೋಗಿ ಹೀಗೆ ನರಳೋದು ಬೇಕು? 1980ರ ದಶಕದಲ್ಲಿ, ದಾಳಿ ಮಾಡುವ ಟಿ ಕಣಗಳನ್ನು ಮಜ್ಜೆಯಿಂದ ಮೊದಲೇ ಸೋಸಿ ತೆಗೆದು ಕೊಡುವ ವಿಧಾನ ಬಂತು. ಕಾಯಿಲೆ ಬಹಳ ಕಡಿಮೆಯಾಯಿತು. ಆದರೆ ಮಜ್ಜೆ ಹಿಡಿಯದೇ ಹೋಗೋದು ಹೆಚ್ಚಾಯಿತು, ಲ್ಯುಕೇಮಿಯಾ ಮರಳೋದೂ ಹೆಚ್ಚಾಯಿತು. ಬಗ್ ಅಂತ ಅಳಿಸಿದ ಸಾಲೇ ಪ್ರೋಗ್ರಾಮನ್ನು ನಡೆಸುತ್ತಿತ್ತು ಅಂತ ರಿಲೀಸ್ ಆದಮೇಲೆ ಗೊತ್ತಾಗೋದನ್ನು ನಾವೂ ಕಂಡಿದ್ದೀವಿ. ನಮ್ಮಲ್ಲಿ ರೋಲ್‌ಬ್ಯಾಕ್ ಇದೆ, ಅವರಲ್ಲಿ ಇರಲಿಲ್ಲ.

ಕೊನೆಗೆ ಗಟ್ಟಿ ಪುರಾವೆ ಕೊಟ್ಟಿದ್ದು ಲೆಕ್ಕದ ಪುಸ್ತಕ. ಸಾವುಗಳನ್ನು ಎಣಿಸಿದ್ದರಲ್ಲ ಬೋರ್ಟಿನ್, ಅವರು 1972ರಲ್ಲಿ ಮಿಲ್ವಾಕಿಯಲ್ಲಿ ಅಂತಾರಾಷ್ಟ್ರೀಯ ಕಸಿ ದಾಖಲಾತಿ ಶುರುಮಾಡಿದ್ದರು. 1990ರಲ್ಲಿ ಅದರಲ್ಲಿದ್ದ 2,254 ರೋಗಿಗಳ ಮಾಹಿತಿ ಜರಡಿ ಹಿಡಿದಾಗ ಸ್ಪಷ್ಟವಾಯಿತು: ಅವಳಿಗಳಿಂದ ಪಡೆದವರಿಗೆ, ಟಿ ಕಣ ಸೋಸಿದ್ದನ್ನು ಪಡೆದವರಿಗೆ ಲ್ಯುಕೇಮಿಯಾ ಮರಳುವುದು ಹೆಚ್ಚು, ಗ್ರಾಫ್ಟ್ ಕಾಯಿಲೆ ಬಂದವರಿಗೆ ಕಡಿಮೆ. ಅದೇ ವರ್ಷ ಮ್ಯೂನಿಕ್‌ನ ಕೋಲ್ಬ್, ಕಸಿಯ ನಂತರ ರೋಗ ಮರಳಿದವರಿಗೆ ದಾನಿಯ ಬಿಳಿ ಕಣಗಳನ್ನೇ ಮತ್ತೆ ಕೊಟ್ಟು ರೋಗ ಹಿಮ್ಮೆಟ್ಟಿಸಿದ್ದನ್ನು ವರದಿ ಮಾಡಿದರು. ಥಾಮಸ್‌ಗೆ ನೊಬೆಲ್ ಬಂದಿದ್ದೂ ಆ ವರ್ಷವೇ. ವಿಕಿರಣ ರೋಗವನ್ನು ಸುಡುತ್ತೆ, ಮಜ್ಜೆ ಬರೀ ಖಾಲಿ ಜಾಗ ತುಂಬುತ್ತೆ ಅಂತ ಹೊರಟವರು ತಲುಪಿದ್ದು ಬೇರೆಡೆಗೆ. ಔಷಧದ ದೊಡ್ಡ ಪಾಲು ಆ ಪರದೇಶಿ ಸೈನ್ಯವೇ ಆಗಿತ್ತು. ಇವತ್ತಿನ ಕಸಿ ವೈದ್ಯರ ತಲೆನೋವೂ ಇದೇ: ಸೈನ್ಯವನ್ನು ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು.

ಭಾರತಕ್ಕೆ ಇದು ಬಂದಿದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ. ಮೂರು ವರ್ಷದ ಮೇಲೆ ವೆಲ್ಲೂರಿನ ಸಿಎಂಸಿಗೆ. ಒಡಹುಟ್ಟಿದವರು ಹೊಂದದಿದ್ದರೆ ಹೊರಗಿನ ದಾನಿ ಬೇಕು, ಐಡಿ ಕಾರ್ಡ್ ಹೊಂದೋದು ಹೆಚ್ಚಾಗಿ ಒಂದೇ ಮೂಲದ ಜನರಲ್ಲಿ. ಅಮೆರಿಕದ, ಜರ್ಮನಿಯ ಪಟ್ಟಿಗಳು ದೊಡ್ಡವೇ ಆದರೂ ನಮ್ಮವರಿಗೆ ಅಲ್ಲಿ ಸಿಗೋದು ಕಷ್ಟ. ನಮ್ಮ ಕೆಫೆಟೇರಿಯಾಕ್ಕೆ ಹತ್ತಿಕಡ್ಡಿ ಬಂದಿದ್ದು ಅದಕ್ಕೇ.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಕಡ್ಡಿ ಮರವನ್ನು ತಿನ್ನೋದು ಅವರಿಗೆ ನಂಬಿಕೆ ಬರಲಿಲ್ಲ. ಈಗ ಫೋನ್ ಮಾಡಿದಾಗೆಲ್ಲ ಕೇಳ್ತಾರೆ, “ನಿನ್ನ ಕಡ್ಡಿ ಯಾರಿಗಾದ್ರೂ ಹೊಂದ್ತೇನಪ್ಪಾ?” ಇನ್ನೂ ಕರೆ ಬಂದಿಲ್ಲ.