ನ್ಯೂರೋಬೊರೇಲಿಯೋಸಿಸ್: ಚಿಕಿತ್ಸೆಯ ನಂತರದ ಚೇತರಿಕೆ

ಉಣ್ಣೆ ಕಡಿತದಿಂದ ದೇಹ ಸೇರುವ ಬೊರೇಲಿಯಾ ಬ್ಯಾಕ್ಟೀರಿಯಾ ನರಮಂಡಲಕ್ಕೆ ತಗಲಿದಾಗ ಉಂಟಾಗುವ ಲೈಮ್ ರೋಗದ ರೂಪವೇ ನ್ಯೂರೋಬೊರೇಲಿಯೋಸಿಸ್. ಇದು ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಹೆಚ್ಚು. ಮಲೆನಾಡಿನ ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಬರುತ್ತದಾದರೂ ಅದು ವೈರಸ್ ರೋಗ, ಪ್ರತಿಜೈವಿಕಗಳಿಗೆ ಬಗ್ಗದು.

ನ್ಯೂರೋಬೊರೇಲಿಯೋಸಿಸ್‌ಗೆ ಪ್ರತಿಜೈವಿಕ ಚಿಕಿತ್ಸೆ ಸಾಮಾನ್ಯವಾಗಿ 14ರಿಂದ 21 ದಿನ: ಡಾಕ್ಸಿಸೈಕ್ಲಿನ್ ಮಾತ್ರೆ ಅಥವಾ ರಕ್ತನಾಳಕ್ಕೆ ಸೆಫ್ಟ್ರಿಯಾಕ್ಸೋನ್. ಔಷಧ ಮುಗಿದ ದಿನವೇ ಗುಣವಾಗಬೇಕೆಂಬ ನಿರೀಕ್ಷೆ ರೋಗಿಯನ್ನು ವೃಥಾ ಕಂಗೆಡಿಸುತ್ತದೆ. ಔಷಧ ಕೊಲ್ಲುವುದು ಬ್ಯಾಕ್ಟೀರಿಯಾವನ್ನಷ್ಟೇ, ನರದ ಹಾನಿಯನ್ನು ಅದು ಸರಿಪಡಿಸದು. ಹಾನಿಗೊಂಡ ನರತಂತು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ ಬೆಳೆಯಬಲ್ಲದು. ರಾತ್ರಿ ಕಾಡುವ ನರಬೇರಿನ ನೋವು ಬೇಗ ತಗ್ಗುತ್ತದೆ. ಮುಖದ ಪಾರ್ಶ್ವವಾಯು ಬಹುತೇಕರಲ್ಲಿ ವಾರಗಳಿಂದ ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಮುಚ್ಚಲಾಗದ ಕಣ್ಣು ಒಣಗದಂತೆ ಹನಿ ಔಷಧ, ರಾತ್ರಿ ಕಣ್ಣುಪಟ್ಟಿ ಬಳಸುವುದು ಅತ್ಯಗತ್ಯ. ಮಿದುಳು, ಮಿದುಳುಬಳ್ಳಿಗೆ ತಗಲಿದ್ದರೆ ಅಥವಾ ಚಿಕಿತ್ಸೆ ತಡವಾಗಿದ್ದರೆ ನಡಿಗೆಯ ತೊಡಕಿನಂಥ ಶೇಷಗಳು ಉಳಿಯಬಹುದು.

ಕೆಲವರಿಗೆ ದಣಿವು, ಮೈಕೈ ನೋವು, ಏಕಾಗ್ರತೆಯ ಕೊರತೆ ಆರು ತಿಂಗಳು ಮೀರಿಯೂ ಇರುತ್ತವೆ. ಈ ಬಳಲಿಕೆ ನಿಜವಾದದ್ದು. ಕಲ್ಪನೆಯೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಪ್ರತಿಜೈವಿಕವನ್ನು ತಿಂಗಳುಗಟ್ಟಲೆ ಮುಂದುವರಿಸುವುದು ಪರಿಹಾರವಲ್ಲ. ಅಮೆರಿಕದಲ್ಲಿ ನಡೆದು 2001ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ದೀರ್ಘ ಚಿಕಿತ್ಸೆಯಿಂದ ಜೀವನದ ಗುಣಮಟ್ಟ ಹೆಚ್ಚಲಿಲ್ಲ. ನಿದ್ರೆಯ ಸುಧಾರಣೆ, ನೋವಿನ ನಿರ್ವಹಣೆ, ಹಂತಹಂತದ ಭೌತಚಿಕಿತ್ಸೆಗಳೇ ಆಸರೆ.

ರಕ್ತದಲ್ಲೂ ಮಿದುಳುಬಳ್ಳಿಯ ದ್ರವದಲ್ಲೂ ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯುವುದರಿಂದ ಅವುಗಳ ಇರವು ಸೋಂಕು ಉಳಿದಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಗುಣವಾದವರಿಗೂ ಹೊಸ ಕಡಿತದಿಂದ ರೋಗ ಮರಳಿ ತಗಲಬಹುದು.